ಏರ್ ಫಿಲ್ಟರ್ ಬದಲಾದಾಗ ಕಾರ್ಬೊರೇಟರ್ ಹೊಂದಾಣಿಕೆ: ಒಂದು ಸಮೀಕ್ಷೆ

ಮೋಟಾರ್‌ಸೈಕಲ್ಲಿನ ಕಂಪನಿ ಏರ್ ಫಿಲ್ಟರನ್ನು ತೆಗೆದು ಹೊರಗಿನ ಫಿಲ್ಟರ್ ಹಾಕಿದರೆ ಎಂಜಿನ್ನಿಗೆ ಗಾಳಿ ಸಲೀಸಾಗಿ ಸಿಗುತ್ತದೆ, ಆದರೆ ಪೆಟ್ರೋಲು ಅದಕ್ಕೆ ತಕ್ಕಷ್ಟು ಬರುವುದಿಲ್ಲ. ಹೀಗೆ ತಪ್ಪಿದ ಹೊಂದಿಕೆಯನ್ನು ಜೆಟ್, ಸೂಜಿ ಮತ್ತು ಸ್ಕ್ರೂಗಳ ಮೂಲಕ ಮತ್ತೆ ಕೂಡಿಸುವುದೇ ಕಾರ್ಬೊರೇಟರ್ ಹೊಂದಾಣಿಕೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಭಾರತದ ಹೊಸ ಬೈಕುಗಳು ಬಹುಪಾಲು ಫ್ಯುಯೆಲ್ ಇಂಜೆಕ್ಷನ್‌ಗೆ ಹೊರಳಿವೆ. ಆದರೂ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ ಮತ್ತು ಯೆಜ್ಡಿ, ಯಮಹಾ ಆರ್‌ಎಕ್ಸ್ 100, ಜೋಡಿ ಕಾರ್ಬೊರೇಟರಿನ ರಾಜ್‌ದೂತ್ 350, ಹಳೆಯ ಬುಲೆಟ್, ಕರಿಜ್ಮಾ, ಪಲ್ಸರ್‌ಗಳು ಇನ್ನೂ ರಸ್ತೆಯ ಮೇಲಿವೆ. ಫಿಲ್ಟರ್ ಬದಲಿಸುವ ಆಸೆ ಹೆಚ್ಚಾಗಿ ಹುಟ್ಟುವುದೂ ಇಂಥ ಬೈಕುಗಳ ಒಡೆಯರಲ್ಲೇ. ಫಿಲ್ಟರ್ ಹಾಕುವುದು ಅರ್ಧ ಗಂಟೆಯ ಕೆಲಸ. ಅದರ ಹಿಂದೆ ಬರುವ ಹೊಂದಾಣಿಕೆಗೆ ತಾಳ್ಮೆ ಬೇಕು, ತಿಳಿವಳಿಕೆಯೂ ಬೇಕು.

ಮಿಶ್ರಣದ ಲೆಕ್ಕ

ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ತನ್ನ ಗರಿಷ್ಠ ಶಕ್ತಿ ಕೊಡುವುದು ಇದಕ್ಕಿಂತ ತುಸು ದಟ್ಟವಾದ ಮಿಶ್ರಣದಲ್ಲಿ, ಅಂದರೆ 12.5ರಿಂದ 13ರ ಆಸುಪಾಸಿನಲ್ಲಿ. ಗಾಳಿ ಹೆಚ್ಚಿ ಪೆಟ್ರೋಲು ಕಡಿಮೆಯಾದ ಮಿಶ್ರಣವನ್ನು ಗ್ಯಾರೇಜುಗಳಲ್ಲಿ ಲೀನ್ ಎನ್ನುತ್ತಾರೆ, ಪೆಟ್ರೋಲು ಹೆಚ್ಚಾದುದನ್ನು ರಿಚ್ ಎನ್ನುತ್ತಾರೆ. ರಿಚ್ ಆದರೆ ಮೈಲೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ, ಹೊಗೆ ಬರುತ್ತದೆ. ಲೀನ್ ಆದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಹೆಚ್ಚು ಅಪಾಯದ್ದು ಎರಡನೆಯದು.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಅಪಾಯ ಇನ್ನೂ ತೀವ್ರ. ಒಳಬರುವ ತಾಜಾ ಮಿಶ್ರಣವೇ ಅಲ್ಲಿ ಪಿಸ್ಟನ್ನಿಗೆ ತಂಪು ಕೊಡುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಜಾವಾ, ಯೆಜ್ಡಿಗಳಲ್ಲಿ ಪೆಟ್ರೋಲು ಕಡಿಮೆಯಾದರೆ ಸಿಲಿಂಡರಿಗೆ ಹೋಗುವ ಆಯಿಲೂ ಕಡಿಮೆಯಾಗುತ್ತದೆ. ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುವುದು ಹೀಗೆ. ಆರ್‌ಎಕ್ಸ್ 100ರಂಥ ಬೈಕುಗಳಲ್ಲಿ ಆಯಿಲಿಗೆ ಪ್ರತ್ಯೇಕ ಪಂಪ್ ಇರುವುದರಿಂದ ಆಯಿಲಿನ ಕೊರತೆ ಕಾಡುವುದಿಲ್ಲ, ಆದರೆ ಶಾಖದ ಅಪಾಯ ಹಾಗೆಯೇ ಉಳಿಯುತ್ತದೆ.

ಫಿಲ್ಟರ್ ಬದಲಾದರೆ ಲೀನ್ ಆಗುವುದೇಕೆ

ಕಾರ್ಬೊರೇಟರಿನ ಕಿರಿದಾದ ಕಂಠದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಪೆಟ್ರೋಲು ತುಂಬಿರುವ ಫ್ಲೋಟ್ ಬೌಲ್ ಹೊರಗಿನ ಗಾಳಿಗೆ ತೆರೆದುಕೊಂಡಿರುವುದರಿಂದ ಅಲ್ಲಿನ ಒತ್ತಡ ಹೆಚ್ಚು. ಈ ಎರಡು ಒತ್ತಡಗಳ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲೆತ್ತುತ್ತದೆ. ಹೆಚ್ಚು ಗಾಳಿ ಹರಿದರೆ ಹೆಚ್ಚು ಪೆಟ್ರೋಲೂ ಬರುತ್ತದೆ ಎಂದಮೇಲೆ ಹೊಸ ಫಿಲ್ಟರಿಗೆ ಹೊಂದಾಣಿಕೆ ಏಕೆ ಬೇಕು ಎಂಬ ಪ್ರಶ್ನೆ ಸಹಜ.

ಉತ್ತರ ಫಿಲ್ಟರಿನ ತಡೆಯಲ್ಲಿದೆ. ಕಂಪನಿ ಫಿಲ್ಟರ್ ಮತ್ತು ಅದರ ಪೆಟ್ಟಿಗೆ ಗಾಳಿಯನ್ನು ಒಂದಿಷ್ಟು ತಡೆಯುವುದರಿಂದ ಕಾರ್ಬೊರೇಟರಿನ ಬಾಯಿಯಲ್ಲಿ ಒತ್ತಡ ಮೊದಲೇ ಹೊರಗಿನದಕ್ಕಿಂತ ಕಡಿಮೆ ಇರುತ್ತದೆ. ಆ ಇಳಿಕೆಯೂ ಕಂಠದ ಇಳಿಕೆಗೆ ಸೇರಿ ಪೆಟ್ರೋಲನ್ನು ಎಳೆಯುತ್ತದೆ. ಕಂಪನಿ ಜೆಟ್ ಆರಿಸುವುದು ಈ ಒಟ್ಟು ಎಳೆತವನ್ನು ಲೆಕ್ಕ ಹಿಡಿದು. ಉದಾಹರಣೆಗೆ ಕಂಠದಲ್ಲಿ 5 ಕಿಲೊಪ್ಯಾಸ್ಕಲ್, ಫಿಲ್ಟರಿನಲ್ಲಿ 1 ಕಿಲೊಪ್ಯಾಸ್ಕಲ್ ಇಳಿಕೆ ಇದೆ ಎಂದುಕೊಂಡರೆ ಒಟ್ಟು ಎಳೆತ 6. ತಡೆಯೇ ಇಲ್ಲದ ಫಿಲ್ಟರ್ ಹಾಕಿದರೆ ಅದು 5ಕ್ಕೆ ಇಳಿಯುತ್ತದೆ. ಪೆಟ್ರೋಲಿನ ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಸುಮಾರು ಶೇ 9ರಷ್ಟು ಪೆಟ್ರೋಲು ತಗ್ಗುತ್ತದೆ. ಗಾಳಿ ಮಾತ್ರ ಕಡಿಮೆಯಾಗುವುದಿಲ್ಲ, ತುಸು ಹೆಚ್ಚೇ ಆಗುತ್ತದೆ.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಥ್ರಾಟಲ್ ಮುಚ್ಚಿರುವಾಗ ಹರಿಯುವ ಗಾಳಿ ಅತಿ ಕಡಿಮೆ, ಆದ್ದರಿಂದ ಫಿಲ್ಟರಿನ ತಡೆಯೂ ನಗಣ್ಯ. ಥ್ರಾಟಲ್ ತೆರೆದಂತೆ ತಡೆಯ ಪಾಲು ಬೆಳೆಯುತ್ತದೆ. ಹೀಗಾಗಿ ಫಿಲ್ಟರ್ ಬದಲಾವಣೆಯ ಪರಿಣಾಮ ಪೂರ್ತಿ ಥ್ರಾಟಲಿನಲ್ಲಿ ಕೆಲಸ ಮಾಡುವ ಮೇನ್ ಜೆಟ್ಟಿನ ಮೇಲೆ ಹೆಚ್ಚು, ನಡುವಿನ ಸೂಜಿಯ ಮೇಲೆ ಮಧ್ಯಮ, ಥ್ರಾಟಲ್ ಮುಚ್ಚಿರುವಾಗಿನ ಪೈಲಟ್ ಜೆಟ್ಟಿನ ಮೇಲೆ ಕಡಿಮೆ.

ಫಿಲ್ಟರ್‌ಗಳ ಬಗೆಗಳು

ಮಾರುಕಟ್ಟೆಯ ಫಿಲ್ಟರುಗಳನ್ನು ಎರಡು ಗುಂಪಾಗಿ ನೋಡಬೇಕು. ಮೊದಲನೆಯದು ಕಂಪನಿಯ ಪೆಟ್ಟಿಗೆಯೊಳಗೇ ಕೂರುವಂಥದ್ದು. ಕಾಗದದ ಬದಲು ಎಣ್ಣೆ ಹಚ್ಚಿದ ಹತ್ತಿಬಟ್ಟೆ ಅಥವಾ ಎಣ್ಣೆ ಹಚ್ಚಿದ ಸ್ಪಂಜು ಇದರಲ್ಲಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಆರಂಭವಾದ ಕೆ ಅಂಡ್ ಎನ್ ಹತ್ತಿಬಟ್ಟೆಯ ಫಿಲ್ಟರಿಗೆ ಹೆಸರಾದದ್ದು. ಪೆಟ್ಟಿಗೆಯ ಗಾಳಿಬಾಯಿ ಮೊದಲಿನಷ್ಟೇ ಇರುವುದರಿಂದ ಇವು ತರುವ ವ್ಯತ್ಯಾಸ ಚಿಕ್ಕದು. ಎಷ್ಟೋ ಬೈಕುಗಳಲ್ಲಿ ಸೂಜಿಯನ್ನು ಒಂದು ಹೆಜ್ಜೆ ಏರಿಸಿದರೆ ಅಥವಾ ಮೇನ್ ಜೆಟ್ಟನ್ನು ಒಂದು ಅಳತೆ ಹೆಚ್ಚಿಸಿದರೆ ಸಾಕಾಗುತ್ತದೆ, ಕೆಲವಕ್ಕೆ ಅದೂ ಬೇಕಾಗುವುದಿಲ್ಲ.

ಎರಡನೆಯದು ಪೆಟ್ಟಿಗೆಯನ್ನೇ ತೆಗೆದು ಕಾರ್ಬೊರೇಟರಿನ ಬಾಯಿಗೆ ನೇರವಾಗಿ ಬಿಗಿಯುವ ಶಂಕುವಿನಾಕಾರದ ಪಾಡ್ ಫಿಲ್ಟರ್. ಬದಲಾವಣೆ ದೊಡ್ಡದಾಗುವುದು ಇಲ್ಲಿ. ಏರ್ ಫಿಲ್ಟರ್ ಪೆಟ್ಟಿಗೆ ಕಾರ್ಬೊರೇಟರಿಗೆ ನಿಶ್ಚಲವಾದ ಗಾಳಿಯನ್ನು ಕೂಡಿಟ್ಟು ಕೊಡುತ್ತದೆ, ಅದರ ಕೊಳವೆಯ ಉದ್ದವೂ ಪೆಟ್ಟಿಗೆಯ ಗಾತ್ರವೂ ಸೇರಿ ಮಧ್ಯಮ ವೇಗದಲ್ಲಿ ಎಳೆತ ಸಿಗುವಂತೆ ಮಾಡುತ್ತವೆ, ಗಾಳಿ ಹೀರುವ ಸದ್ದನ್ನೂ ಅಡಗಿಸುತ್ತದೆ. ಅದನ್ನು ಕಿತ್ತುಹಾಕಿದರೆ ಅಡ್ಡಗಾಳಿ, ಮಳೆನೀರು, ಎಂಜಿನ್ನಿನ ಬಿಸಿಗಾಳಿ ಎಲ್ಲಕ್ಕೂ ಕಾರ್ಬೊರೇಟರ್ ಒಡ್ಡಿಕೊಳ್ಳುತ್ತದೆ. ಕೆಳಗಿನ ಮತ್ತು ಮಧ್ಯದ ಪಿಕಪ್ ಕುಗ್ಗಿ, ಲಾಭ ಸಿಕ್ಕರೆ ಅತಿ ಮೇಲಿನ ವೇಗದಲ್ಲಿ ಮಾತ್ರ ಸಿಗುವುದು ಸಾಮಾನ್ಯ. ಮೇನ್ ಜೆಟ್ಟನ್ನು ಹಲವು ಅಳತೆ ಏರಿಸಬೇಕಾಗಿ ಬರುತ್ತದೆ. ಪೆಟ್ಟಿಗೆಗೆ ಸೇರುತ್ತಿದ್ದ ಕ್ರ್ಯಾಂಕ್‌ಕೇಸಿನ ಉಸಿರುಕೊಳವೆಗೂ ಬೇರೆ ಗತಿ ಕಾಣಿಸಬೇಕು.

ಕಾರ್ಬೊರೇಟರಿನ ನಾಲ್ಕು ಹಂತಗಳು

ಸ್ಲೈಡ್ ಮಾದರಿಯ ಕಾರ್ಬೊರೇಟರಿನಲ್ಲಿ, ಉದಾಹರಣೆಗೆ ಮಿಕುನಿ ವಿಎಂ ಅಥವಾ ಅದರ ಭಾರತೀಯ ರೂಪವಾದ ಮಿಕ್‌ಕಾರ್ಬ್‌ನಲ್ಲಿ, ಥ್ರಾಟಲ್ ಎಷ್ಟು ತೆರೆದಿದೆ ಎಂಬುದರ ಮೇಲೆ ಯಾವ ಭಾಗ ಅಧಿಕಾರ ನಡೆಸುತ್ತದೆ ಎಂಬುದು ನಿಂತಿದೆ. ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಅಂಚಿನ ಕತ್ತರಿಕೆ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ ಮತ್ತು ಅದು ಆಡುವ ನೀಡಲ್ ಜೆಟ್. ಮುಕ್ಕಾಲಿನಿಂದ ಪೂರ್ತಿಯವರೆಗೆ ಮೇನ್ ಜೆಟ್. ಹಂತಗಳ ಅಂಚುಗಳು ಒಂದರ ಮೇಲೊಂದು ಹಾಯುತ್ತವೆ. ದೋಷವನ್ನು ಹುಡುಕಬೇಕಾದದ್ದು ಥ್ರಾಟಲಿನ ಸ್ಥಾನದಿಂದಲೇ ಹೊರತು ಎಂಜಿನ್ನಿನ ಆರ್‌ಪಿಎಂನಿಂದಲ್ಲ.

ಸೂಜಿಯ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿರುತ್ತವೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಇಳಿಸಿದರೆ ಸೂಜಿ ಮೇಲೇರಿ ಮಿಶ್ರಣ ರಿಚ್ ಆಗುತ್ತದೆ, ಮೇಲಿನ ಗೀರಿಗೆ ಏರಿಸಿದರೆ ಲೀನ್. ಸ್ಲೈಡಿನ ಕತ್ತರಿಕೆಯ ಸಂಖ್ಯೆ ದೊಡ್ಡದಾದಷ್ಟೂ ಮಿಶ್ರಣ ಲೀನ್.

ಸ್ಕ್ರೂವಿನ ವಿಷಯದಲ್ಲಿ ಗೊಂದಲ ಹೆಚ್ಚು. ಸ್ಕ್ರೂ ಫಿಲ್ಟರಿನ ಕಡೆ ಇದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ, ಹೊರಕ್ಕೆ ತಿರುಗಿಸಿದರೆ ಲೀನ್. ಎಂಜಿನ್ನಿನ ಕಡೆ ಇದ್ದರೆ ಪೆಟ್ರೋಲು ಬೆರೆತ ಮಿಶ್ರಣವನ್ನೇ ನಿಯಂತ್ರಿಸುತ್ತದೆ, ಹೊರಕ್ಕೆ ತಿರುಗಿಸಿದರೆ ರಿಚ್. ಏರ್ ಸ್ಕ್ರೂ ಒಂದು ಸುತ್ತಿಗಿಂತ ಕಡಿಮೆ ತೆರೆದಾಗಲೇ ಐಡ್ಲಿಂಗ್ ಚೆನ್ನಾಗಿದ್ದರೆ ಪೈಲಟ್ ಜೆಟ್ ಚಿಕ್ಕದಾಗಿದೆ ಎಂದರ್ಥ. ಎರಡೂವರೆ ಸುತ್ತು ದಾಟಿದರೆ ಜೆಟ್ ದೊಡ್ಡದಾಗಿದೆ. ಮಿಶ್ರಣದ ಸ್ಕ್ರೂವಿಗೆ ಈ ಓದು ತಿರುವುಮುರುವು.

ಜೆಟ್ಟಿನ ಸಂಖ್ಯೆ

ಜೆಟ್ಟಿನ ಮೇಲೆ ಕೊರೆದ ಸಂಖ್ಯೆ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಕೀಹಿನ್ ಮತ್ತು ಡೆಲ್ಲೊರ್ಟೊ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಬರೆಯುತ್ತವೆ: 100 ಎಂದರೆ 1 ಮಿ.ಮೀ. ಅಮಲ್ ಜೆಟ್ಟುಗಳ ಮತ್ತು ಮಿಕುನಿಯ ಷಟ್ಕೋನ ತಲೆಯ ಮೇನ್ ಜೆಟ್ಟುಗಳ ಸಂಖ್ಯೆ ನಿಮಿಷಕ್ಕೆ ಹರಿಯುವ ಪ್ರಮಾಣವನ್ನು ಸೂಚಿಸುತ್ತದೆ. ಹರಿವಿನ ಲೆಕ್ಕದಲ್ಲಿ 100ರಿಂದ 105ಕ್ಕೆ ಹೋದರೆ ಪೆಟ್ರೋಲು ಶೇ 5 ಹೆಚ್ಚುತ್ತದೆ. ವ್ಯಾಸದ ಲೆಕ್ಕದಲ್ಲಿ ಅದೇ ಹೆಜ್ಜೆ ರಂಧ್ರದ ವಿಸ್ತೀರ್ಣವನ್ನು ಶೇ 10ರಷ್ಟು ಹಿಗ್ಗಿಸುತ್ತದೆ. ಆದ್ದರಿಂದ ಒಂದು ಬೈಕಿಗೆ ಹೊಂದಿದ ಸಂಖ್ಯೆಯನ್ನು ಇನ್ನೊಂದು ಬಗೆಯ ಕಾರ್ಬೊರೇಟರಿಗೆ ಎತ್ತಿ ಹಾಕಲು ಬರುವುದಿಲ್ಲ. ತಂತಿಯಿಂದ ಅಥವಾ ಡ್ರಿಲ್ಲಿನಿಂದ ಹಳೆಯ ಜೆಟ್ಟನ್ನೇ ಹಿಗ್ಗಿಸುವ ರೂಢಿಯೂ ಬಿಡಬೇಕಾದದ್ದು. ರಂಧ್ರ ಅಂಕುಡೊಂಕಾದ ಮೇಲೆ ಅದರ ಅಳತೆ ಯಾರಿಗೂ ತಿಳಿಯುವುದಿಲ್ಲ, ಹಿಂದಕ್ಕೆ ಹೋಗುವ ದಾರಿಯೂ ಉಳಿಯುವುದಿಲ್ಲ.

ಕೆಲಸ ಶುರುಮಾಡುವ ಮುನ್ನ

ಬೇರೆ ದೋಷಗಳಿರುವ ಎಂಜಿನ್ನಿನಲ್ಲಿ ಜೆಟ್ ಬದಲಿಸಿ ಪ್ರಯೋಜನವಿಲ್ಲ. ಟ್ಯಾಪೆಟ್ ಕ್ಲಿಯರೆನ್ಸ್, ಇಗ್ನಿಷನ್ ಟೈಮಿಂಗ್, ಪ್ಲಗ್, ಕಂಪ್ರೆಷನ್ ಮೊದಲು ಸರಿಯಿರಬೇಕು. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕುಬಿಟ್ಟಿದ್ದರೆ ಅಲ್ಲಿಂದ ನುಸುಳುವ ಗಾಳಿಯೂ ಲೀನ್ ಲಕ್ಷಣಗಳನ್ನೇ ತೋರಿಸುತ್ತದೆ. ಪೆಟ್ರೋಲ್ ಟ್ಯಾಪಿನ ಜಾಲರಿ ಕಟ್ಟಿಕೊಂಡಿರಬಾರದು. ಫ್ಲೋಟಿನ ಮಟ್ಟವನ್ನು ಕಂಪನಿ ಹೇಳಿದ ಅಳತೆಗೆ ತರಬೇಕು, ಏಕೆಂದರೆ ಅದು ತಪ್ಪಿದ್ದರೆ ನಾಲ್ಕೂ ಹಂತಗಳ ಲೆಕ್ಕ ತಪ್ಪುತ್ತದೆ. ಜಪಾನಿನ ಕಾರ್ಬೊರೇಟರುಗಳ ಸ್ಕ್ರೂ ತಲೆ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ. ಜಪಾನಿ ಅಳತೆಯ ಸ್ಕ್ರೂಡ್ರೈವರ್ ಬಳಸಿದರೆ ತಲೆ ಸವೆಯುವುದು ತಪ್ಪುತ್ತದೆ. ಪೆಟ್ರೋಲಿನ ಆವಿ ಬೆಂಕಿಗೆ ಕಾಯುತ್ತಿರುವುದರಿಂದ ಗಾಳಿಯಾಡುವ ಜಾಗದಲ್ಲಿ, ತಣ್ಣಗಾದ ಎಂಜಿನ್ನಿನ ಮೇಲೆ ಕೆಲಸ ಮಾಡಬೇಕು.

ಬಿಚ್ಚುವಾಗ ಕಂಡ ಮೂಲ ಸಂಖ್ಯೆಗಳನ್ನು, ಅಂದರೆ ಮೇನ್ ಜೆಟ್, ಪೈಲಟ್ ಜೆಟ್, ಕ್ಲಿಪ್ಪಿನ ಗೀರು ಮತ್ತು ಸ್ಕ್ರೂವಿನ ಸುತ್ತು, ಬರೆದಿಟ್ಟುಕೊಳ್ಳಬೇಕು. ಥ್ರಾಟಲ್ ಹಿಡಿಯ ಮೇಲೂ ಅದರ ಪಕ್ಕದ ಕವಚದ ಮೇಲೂ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿಕೊಂಡರೆ ಪರೀಕ್ಷೆಯ ವೇಳೆ ಊಹೆಗೆ ಎಡೆಯಿರುವುದಿಲ್ಲ.

ಎರಡು ಕ್ರಮಗಳು

ಯಾವುದನ್ನು ಮೊದಲು ಹೊಂದಿಸಬೇಕು ಎಂಬುದರಲ್ಲಿ ಟ್ಯೂನರುಗಳ ನಡುವೆ ಎರಡು ಪಂಥಗಳಿವೆ. ಒಂದು ಪಂಥ ಪೈಲಟ್ ಜೆಟ್ಟಿನಿಂದ ಶುರುಮಾಡಿ ಮೇಲಕ್ಕೆ ಹೋಗುತ್ತದೆ. ಪೈಲಟ್ ಜೆಟ್ಟಿನ ಪೆಟ್ರೋಲು ಎಲ್ಲ ಹಂತಗಳಲ್ಲೂ ಸ್ವಲ್ಪ ಹರಿಯುತ್ತಲೇ ಇರುವುದರಿಂದ ತಳ ಗಟ್ಟಿಯಾಗದೆ ಮೇಲಿನದು ನಿಲ್ಲದು ಎಂಬುದು ಅವರ ವಾದ. ಇನ್ನೊಂದು ಪಂಥ ಮೇನ್ ಜೆಟ್ಟಿನಿಂದ ಶುರುಮಾಡಿ ಕೆಳಕ್ಕೆ ಇಳಿಯುತ್ತದೆ. ಸೂಜಿಗೆ ಬರುವ ಪೆಟ್ರೋಲು ಮೇನ್ ಜೆಟ್ಟನ್ನು ದಾಟಿಯೇ ಬರಬೇಕು, ಎಂಜಿನ್ ಹಾಳಾಗುವ ಅಪಾಯವೂ ಪೂರ್ತಿ ಥ್ರಾಟಲಿನಲ್ಲೇ ಹೆಚ್ಚು ಎಂಬುದು ಇವರ ವಾದ.

ಫಿಲ್ಟರ್ ಬದಲಾವಣೆಯ ಮಟ್ಟಿಗೆ ಎರಡನೆಯ ಕ್ರಮಕ್ಕೆ ಹೆಚ್ಚಿನ ಬಲವಿದೆ. ಹೊಸ ಫಿಲ್ಟರ್ ಮೊದಲು ಕೆಡಿಸುವುದು ಮೇಲಿನ ಹಂತವನ್ನೇ ಎಂದು ಒತ್ತಡದ ಲೆಕ್ಕ ಹೇಳುತ್ತದೆ. ಬೇಕಾದದ್ದಕ್ಕಿಂತ ಖಂಡಿತ ದೊಡ್ಡದೆನಿಸುವ ಮೇನ್ ಜೆಟ್ ಹಾಕಿ, ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ಮುಗ್ಗರಿಸುವುದನ್ನು ಕಂಡು, ಅಲ್ಲಿಂದ ಒಂದೊಂದೇ ಅಳತೆ ಇಳಿಸುತ್ತ ಬರುವುದು ಸುರಕ್ಷಿತ ವಿಧಾನ. ರಿಚ್ ಕಡೆಯಿಂದ ಬರುವವರಿಗೆ ಹೆಚ್ಚೆಂದರೆ ಪ್ಲಗ್ ನಷ್ಟ, ಲೀನ್ ಕಡೆಯಿಂದ ಏರುವವರಿಗೆ ಪಿಸ್ಟನ್ ನಷ್ಟ. ಮೇನ್ ಜೆಟ್ ಕುದುರಿದ ಮೇಲೆ ಅರ್ಧ ಥ್ರಾಟಲಿನಲ್ಲಿ ಸೂಜಿ, ಕೊನೆಗೆ ಪೈಲಟ್ ಜೆಟ್, ಸ್ಕ್ರೂ ಮತ್ತು ಐಡ್ಲಿಂಗ್. ಯಾವ ಪಂಥವಾದರೂ ಒಪ್ಪುವ ನಿಯಮ ಒಂದಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ.

ಫಲವನ್ನು ಓದುವುದು

ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು, ಆರ್‌ಪಿಎಂ ತಟ್ಟನೆ ಇಳಿಯದೆ ಮೇಲೇ ನಿಲ್ಲುವುದು, ಒಂದೇ ವೇಗದಲ್ಲಿ ಹೋಗುವಾಗ ಜಗ್ಗಿದಂತಾಗುವುದು, ಚೋಕ್ ತುಸು ಎಳೆದರೆ ಓಟ ಸುಧಾರಿಸುವುದು, ಇವು ಲೀನ್ ಲಕ್ಷಣಗಳು. ಓಟ ಭಾರವಾಗುವುದು, ಕಪ್ಪು ಹೊಗೆ, ಎಂಜಿನ್ ಬಿಸಿಯಾದಷ್ಟೂ ಮಿಸ್ಸಿಂಗ್ ಹೆಚ್ಚುವುದು ರಿಚ್ ಲಕ್ಷಣಗಳು.

ಹಳೆಯ ನಂಬಿಕಸ್ಥ ಪರೀಕ್ಷೆ ಪ್ಲಗ್ ನೋಡುವುದು. ಹೊಸ ಪ್ಲಗ್ ಹಾಕಿ, ಪರೀಕ್ಷಿಸಬೇಕಾದ ಥ್ರಾಟಲಿನಲ್ಲೇ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಎಂಜಿನ್ ಆರಿಸಬೇಕು. ಐಡ್ಲಿಂಗಿನಲ್ಲಿ ಬಿಟ್ಟರೆ ಬಣ್ಣ ಬದಲಾಗಿಬಿಡುತ್ತದೆ. ಪಿಂಗಾಣಿ ತಿಳಿಗಂದು ಬಣ್ಣಕ್ಕಿದ್ದರೆ ಸರಿ, ಬಿಳುಚಿಕೊಂಡಿದ್ದರೆ ಲೀನ್, ಮಸಿ ಹಿಡಿದಿದ್ದರೆ ರಿಚ್. ಸೀಸರಹಿತ ಪೆಟ್ರೋಲಿನಲ್ಲಿ ಈ ಬಣ್ಣ ಹಿಂದಿನಷ್ಟು ಸ್ಪಷ್ಟವಾಗಿ ಮೂಡುವುದಿಲ್ಲವಾದ್ದರಿಂದ ಪ್ಲಗ್ ಒಂದನ್ನೇ ನಂಬುವುದು ಸಾಲದು. ಸೈಲೆನ್ಸರಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸಿ ಡೈನೊ ಯಂತ್ರದ ಮೇಲೆ ಓಡಿಸಿದರೆ ಮಿಶ್ರಣದ ಅನುಪಾತ ನೇರವಾಗಿ ಅಂಕಿಯಲ್ಲಿ ಸಿಗುತ್ತದೆ. ಪೂರ್ತಿ ಥ್ರಾಟಲಿನ ಪರೀಕ್ಷೆಗೆ ಸಾರ್ವಜನಿಕ ರಸ್ತೆ ತಕ್ಕ ಜಾಗವಲ್ಲ ಎಂಬ ಕಾರಣಕ್ಕೂ ಡೈನೊ ಮೇಲು.

ಸಿವಿ ಕಾರ್ಬೊರೇಟರ್

ಕರಿಜ್ಮಾ, ಕಾರ್ಬೊರೇಟರ್ ಇದ್ದ ಪಲ್ಸರ್ 220ರಂಥ ಬೈಕುಗಳಲ್ಲಿರುವುದು ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಮಾದರಿ. ಇಲ್ಲಿ ಕೇಬಲ್ ಎಳೆಯುವುದು ಬಟರ್‌ಫ್ಲೈ ಕವಾಟವನ್ನು ಮಾತ್ರ. ಸ್ಲೈಡನ್ನು ಎತ್ತುವುದು ರಬ್ಬರ್ ಡಯಾಫ್ರಮ್ಮಿನ ಮೇಲೆ ಕೆಳಗೆ ಏರ್ಪಡುವ ಒತ್ತಡದ ವ್ಯತ್ಯಾಸ. ಆ ವ್ಯತ್ಯಾಸ ನಿಶ್ಚಲವಾದ ಗಾಳಿಯನ್ನು ಅವಲಂಬಿಸಿರುವುದರಿಂದ ಪಾಡ್ ಫಿಲ್ಟರ್ ಹಾಕಿದಾಗ ಸ್ಲೈಡ್ ಅಳುಕುತ್ತದೆ, ಮಧ್ಯದ ಪಿಕಪ್ ಹದಗೆಡುತ್ತದೆ. ಕಾರ್ಬೊರೇಟರಿನ ಬಾಯಿಯಲ್ಲೇ ಇರುವ ಗಾಳಿರಂಧ್ರಗಳನ್ನು ಪಾಡಿನ ರಬ್ಬರ್ ಅಂಚು ಮುಚ್ಚಿಬಿಡುವ ತೊಂದರೆಯೂ ಉಂಟು. ಆಗ ಜೆಟ್ ಎಷ್ಟು ಬದಲಿಸಿದರೂ ಫಲವಿಲ್ಲ. ಸ್ಲೈಡಿನ ರಂಧ್ರ ಹಿಗ್ಗಿಸುವ, ಮೆದು ಸ್ಪ್ರಿಂಗ್ ಕೊಡುವ ಕಿಟ್‌ಗಳಿವೆ. ಆದರೆ ಒಮ್ಮೆ ಕೊರೆದ ಸ್ಲೈಡನ್ನು ಹಿಂದಿನಂತೆ ಮಾಡಲಾಗದು. ಸಿವಿ ಬೈಕಿನಲ್ಲಿ ಪೆಟ್ಟಿಗೆಯನ್ನು ಉಳಿಸಿಕೊಂಡು ಒಳಗಿನ ಫಿಲ್ಟರ್ ಮಾತ್ರ ಬದಲಿಸುವುದು ವಿವೇಕ.

ಒಂದಕ್ಕಿಂತ ಹೆಚ್ಚು ಕಾರ್ಬೊರೇಟರ್ ಇದ್ದಾಗ

ರಾಜ್‌ದೂತ್ 350ರಲ್ಲಿ ಎರಡು, 1969ರ ಹೋಂಡಾ ಸಿಬಿ 750ರಲ್ಲಿ ನಾಲ್ಕು ಕಾರ್ಬೊರೇಟರುಗಳಿವೆ. ಇಂಥ ಬೈಕುಗಳಲ್ಲಿ ಪ್ರತಿ ಸಿಲಿಂಡರೂ ಸಮಪಾಲು ಹೊರುವಂತೆ ಎಲ್ಲವೂ ಒಟ್ಟಿಗೆ ತೆರೆಯಬೇಕು. ಎರಡು ಸ್ಲೈಡುಗಳ ರಾಜ್‌ದೂತಿನಲ್ಲಿ ಕೇಬಲ್ ಅಡ್ಜಸ್ಟರುಗಳನ್ನು ತಿರುಗಿಸಿ ಎರಡೂ ಒಂದೇ ಕ್ಷಣ ಏಳುವಂತೆ ಮೊದಲು ಮಾಡಿಕೊಳ್ಳಬೇಕು. ಆಮೇಲೆ ಜೆಟ್ಟಿನ ಮಾತು. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಜೆಟ್ ಬದಲಿಸಿದ ನಂತರ ವ್ಯಾಕ್ಯೂಮ್ ಗೇಜ್ ಜೋಡಿಸಿ ನಾಲ್ಕೂ ಅಂಕಿಗಳನ್ನು ಸಮಕ್ಕೆ ತರುವುದು ಕೊನೆಯ ಕೆಲಸ. ಕೆಲವು ಮಾದರಿಗಳಲ್ಲಿ ಒಳಗಿನ ಎರಡು ಸಿಲಿಂಡರಿಗೂ ಹೊರಗಿನ ಎರಡಕ್ಕೂ ಕಂಪನಿಯೇ ಬೇರೆ ಬೇರೆ ಮೇನ್ ಜೆಟ್ ಕೊಟ್ಟಿರುತ್ತದೆ. ಆ ಅಂತರವನ್ನು ಹಾಗೆಯೇ ಉಳಿಸಿಕೊಂಡು ಏರಿಸಬೇಕು. ಪ್ಲಗ್ಗುಗಳನ್ನೂ ಒಂದೊಂದಾಗಿ ನೋಡಬೇಕು, ಒಂದು ಸಿಲಿಂಡರ್ ಲೀನ್ ಆಗಿರುವುದನ್ನು ಉಳಿದವು ಮರೆಮಾಚಬಲ್ಲವು.

ಊರು, ಎತ್ತರ, ಪೆಟ್ರೋಲು

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಮಿಶ್ರಣ ತಾನಾಗಿ ರಿಚ್ ಆಗುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ 8 ಕಡಿಮೆ. ಅದೇ ಜೆಟ್ಟಿನಲ್ಲಿ ಮಿಶ್ರಣ ಶೇ 4ರಷ್ಟು ರಿಚ್. ಬೆಂಗಳೂರಿನಲ್ಲಿ ಅಂಚಿಗೆ ತಂದು ಹೊಂದಿಸಿದ ಬೈಕು ಮಂಗಳೂರಿಗೆ ಇಳಿದಾಗ ಲೀನ್ ಆಗುವುದು ಇದರಿಂದ. ಲಡಾಖಿನಲ್ಲಿ 5,300 ಮೀಟರಿಗೂ ಎತ್ತರದ ಖರ್ದುಂಗ್ ಲಾದಲ್ಲಿ ಮಿಶ್ರಣ ಶೇ 30ರಷ್ಟು ರಿಚ್ ಆಗುತ್ತದೆ, ಅಲ್ಲಿ ಹೊಂದಿಸಿದ ಜೆಟ್ಟಿನಲ್ಲಿ ಬಯಲಿಗೆ ಇಳಿಯುವುದು ಎಂಜಿನ್ನಿಗೆ ಕೇಡು.

ಪೆಟ್ರೋಲೂ ಬದಲಾಗಿದೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಇ20 ಪೂರ್ತಿ ಉರಿಯಲು 13.5 ಪಾಲು ಗಾಳಿ ಸಾಕು. ಹಳೆಯ ಜೆಟ್ಟಿನಲ್ಲಿ ಅದು ಶೇ 7–8ರಷ್ಟು ಲೀನ್ ಆಗಿ ನಡೆಯುತ್ತದೆ. ಫಿಲ್ಟರ್ ಬದಲಾವಣೆಯೂ ಇದೇ ದಿಕ್ಕಿಗೆ ಎಳೆಯುವುದರಿಂದ ಹಿಂದಿನ ಪುಸ್ತಕಗಳ ಜೆಟ್ ಸಂಖ್ಯೆಗಳನ್ನು ಇಂದು ಆರಂಭದ ಗುರುತಾಗಿ ಮಾತ್ರ ನೋಡಬೇಕು.

ಕಾನೂನು, ಲಾಭ ಮತ್ತು ನಿರ್ವಹಣೆ

ಹೊಗೆ ತಪಾಸಣೆಯಲ್ಲಿ ದ್ವಿಚಕ್ರ ವಾಹನದ ಕಾರ್ಬನ್ ಮೊನಾಕ್ಸೈಡ್ ಅಳೆಯುವುದು ಐಡ್ಲಿಂಗಿನಲ್ಲಿ. 2000ದ ಮಾರ್ಚ್ 31ರವರೆಗೆ ತಯಾರಾದವಕ್ಕೆ ಶೇ 4.5, ಅನಂತರದ ಕಾರ್ಬೊರೇಟರ್ ಬೈಕುಗಳಿಗೆ ಶೇ 3.5 ಮಿತಿಯನ್ನು ನಿಯಮ ಹಾಕಿತು. ಪೈಲಟ್ ಜೆಟ್ ಮತ್ತು ಸ್ಕ್ರೂ ಅತಿ ರಿಚ್ ಇದ್ದರೆ ಬೈಕು ಇಲ್ಲಿ ಸಿಕ್ಕಿಬೀಳುತ್ತದೆ. ಮೇನ್ ಜೆಟ್ಟಿನ ತಪ್ಪು ಈ ತಪಾಸಣೆಯಲ್ಲಿ ಕಾಣುವುದೇ ಇಲ್ಲವಾದ್ದರಿಂದ ಪಾಸಾದ ಚೀಟಿ ಹೊಂದಾಣಿಕೆಗೆ ಪ್ರಮಾಣವಲ್ಲ.

ಲಾಭವನ್ನೂ ಅಳೆದು ನೋಡಬೇಕು. ಫಿಲ್ಟರ್ ಒಂದೇ ಬದಲಾದರೆ ಶಕ್ತಿಯಲ್ಲಿ ಕಾಣುವ ಹೆಚ್ಚಳ ಚಿಕ್ಕದು, ಏಕೆಂದರೆ ಪೋರ್ಟ್, ವಾಲ್ವ್, ಸೈಲೆನ್ಸರಿನ ತಡೆಗಳು ಹಾಗೆಯೇ ಇರುತ್ತವೆ. ಧೂಳು ಸೋಸುವ ಶಕ್ತಿಯಲ್ಲಿ ಒಳ್ಳೆಯ ಕಾಗದದ ಫಿಲ್ಟರಿಗೆ ಸರಿಗಟ್ಟುವುದು ಹತ್ತಿಬಟ್ಟೆಗೆ ಕಷ್ಟ. ಬಯಲುಸೀಮೆಯ ಕೆಮ್ಮಣ್ಣಿನ ದಾರಿಯಲ್ಲಿ ದಿನವೂ ಓಡುವ ಬೈಕಿಗೆ ಇದು ಪಿಸ್ಟನ್ ರಿಂಗಿನ ಆಯುಷ್ಯದ ಪ್ರಶ್ನೆ. ಎಣ್ಣೆಯ ಫಿಲ್ಟರನ್ನು ಕಾಲಕಾಲಕ್ಕೆ ತೊಳೆದು, ಒಣಗಿಸಿ, ಹದವಾಗಿ ಎಣ್ಣೆ ಹಚ್ಚಬೇಕು. ಎಣ್ಣೆ ಆರಿದರೆ ಧೂಳು ಒಳನುಗ್ಗುತ್ತದೆ, ಅತಿಯಾದರೆ ಗಾಳಿ ಕಟ್ಟಿ ಮಿಶ್ರಣ ರಿಚ್ ಆಗುತ್ತದೆ. ಎರಡೂ ಸಂದರ್ಭದಲ್ಲಿ ಕಷ್ಟಪಟ್ಟು ಕೂಡಿಸಿದ ಹೊಂದಾಣಿಕೆ ವ್ಯರ್ಥ.

ಫಿಲ್ಟರ್, ಪೆಟ್ಟಿಗೆ, ಕಾರ್ಬೊರೇಟರ್, ಸೈಲೆನ್ಸರ್ ಒಂದಕ್ಕೊಂದು ಹೊಂದುವಂತೆ ಕಂಪನಿ ಒಟ್ಟಾಗಿ ರೂಪಿಸಿದ ಭಾಗಗಳು. ಒಂದನ್ನು ಬದಲಿಸುವವರು ಉಳಿದವುಗಳ ಹೊಣೆಯನ್ನೂ ಹೊರಬೇಕು. ಹೊಸ ಹೊಂದಾಣಿಕೆಯ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲೇ ಬರೆದು, ತೆಗೆದ ಜೆಟ್ ಮತ್ತು ಫಿಲ್ಟರನ್ನು ಬೈಕಿನ ಜೊತೆಗೇ ಜೋಪಾನವಾಗಿಟ್ಟರೆ ಮುಂದೆ ಅದನ್ನು ಬಿಚ್ಚುವ ಮೆಕ್ಯಾನಿಕ್ಕಿಗೆ ಎಲ್ಲಿಂದ ಶುರುಮಾಡಬೇಕು ಎಂಬುದು ತಿಳಿದಿರುತ್ತದೆ.